ಹತ್ತು ವರ್ಷದ ಮಗುವಿಗೆ ಸಂಗೀತದ ಪುಸ್ತಕ: ಯಾವುದು ತರೋದು?

ಚಿಂತಾಮಣಿ_ಪೋಷಕ
ಮಗಳು ಕರ್ನಾಟಕ ಸಂಗೀತದ ಗಾಯನ ಪಾಠದಲ್ಲಿ ಜಂಟಿ ವರಸೆ (ಜೋಡಿ ಸ್ವರಗಳ ಅಭ್ಯಾಸ) ಮುಗಿಸಿ ಅಲಂಕಾರಕ್ಕೆ (ಏಳು ತಾಳಗಳ ಸ್ವರಾಭ್ಯಾಸ) ಬಂದಿದ್ದಾಳೆ. ಮನೇಲಿ ತೆಲುಗು, ಶಾಲೇಲಿ ಕನ್ನಡ. ಅಭ್ಯಾಸಕ್ಕೊಂದು, ಸುಮ್ಮನೆ ಓದೋಕೊಂದು ಪುಸ್ತಕ ಬೇಕು. ಹಳೇ ಪುಸ್ತಕಗಳೇ ಮೇಲು ಅಂತಾರೆ. ಅವುಗಳ ಸ್ಕ್ಯಾನ್ ಪ್ರತಿ ಆಗುತ್ತಾ? ಏನು ನೋಡಿ ತಗೋಬೇಕು?

ಶ್ರುತಿಪೆಟ್ಟಿಗೆ, ಕೋಲಾರ
ಅಭ್ಯಾಸದ ಪುಸ್ತಕಕ್ಕೆ ಹೆಸರು ನೋಡಬೇಡಿ, ಅಚ್ಚು ನೋಡಿ. ಸರಳೆಯಿಂದ (ಮೊದಲ ಸ್ವರಪಾಠ) ಗೀತೆವರೆಗೆ (ಸರಳ ಹಾಡು) ಎಲ್ಲದರಲ್ಲೂ ಇರೋದು ಪುರಂದರದಾಸರು ಹಾಕಿಕೊಟ್ಟರೆನ್ನುವ ಅದೇ ಕ್ರಮ, ಸ್ವರಪಾಠಗಳಿಗೆ ಅದೇ ಮಾಯಾಮಾಳವಗೌಳ ರಾಗ. ವ್ಯತ್ಯಾಸ ಇರೋದು ಚುಕ್ಕೆ, ಗೆರೆ, ಅಲ್ಪವಿರಾಮದಲ್ಲಿ. ಅಂಗಡೀಲಿ ನಿಂತೇ ಪರೀಕ್ಷೆ ಮಾಡಬಹುದು.

ಮೊದಲು ಮಲಹರಿ ರಾಗದ ಗೀತೆ ‘ಶ್ರೀ ಗಣನಾಥ’ ತೆಗೀರಿ. ರೂಪಕ ತಾಳ, 2+4 ಅಕ್ಷರ (ತಾಳದ ಎಣಿಕೆ). ಮೊದಲ ಸಾಲು ಹೀಗಿರುತ್ತೆ:

ಮ ಪ | ದ ಸ ಸ ರಿ || ರಿ ಸ | ದ ಪ ಮ ಪ ||

ಇದರಲ್ಲಿ ಮೂರು ಸ, ಎರಡು ರಿ ತಾರಸ್ಥಾಯಿಯವು (ಮೇಲಿನ ಸಪ್ತಕದವು). ಐದರ ತಲೆ ಮೇಲೂ ಚುಕ್ಕೆ ಇರಲೇಬೇಕು (ಇಲ್ಲಿ ಟೈಪ್ ಮಾಡೋಕೆ ಬರಲ್ಲ, ಕ್ಷಮಿಸಿ). ಚುಕ್ಕೆ ಹಾರಿದ್ದರೆ ಮಗು ದ ಹಾಡಿದ ಮೇಲೆ ಧೊಪ್ಪನೆ ಮಧ್ಯಸ್ಥಾಯಿ ಸಕ್ಕೆ ಇಳಿಯುತ್ತೆ. ಇನ್ನೊಂದು, ಮಲಹರಿಯಲ್ಲಿ ನಿಷಾದವೇ (ನಿ) ಇಲ್ಲ. ಗಾಂಧಾರ (ಗ) ಅವರೋಹಣದಲ್ಲಿ, ಅಂದರೆ ಇಳಿಯುವಾಗ ಮಾತ್ರ. ಈ ಗೀತೆಯಲ್ಲಿ ಎಲ್ಲಾದರೂ ‘ನಿ’ ಕಂಡರೆ ಪುಸ್ತಕ ಅಲ್ಲೇ ಇಟ್ಟು ಬನ್ನಿ.

ಆಮೇಲೆ ಅಲಂಕಾರ. ಒಂದೊಂದು ತಾಳದ ಒಂದು ಸುತ್ತಿಗೆ ಇಷ್ಟು ಅಕ್ಷರ: ಧ್ರುವ 14, ಮಠ್ಯ 10, ರೂಪಕ 6, ಝಂಪೆ 10, ತ್ರಿಪುಟ 7, ಅಟ್ಟ 14, ಏಕ 4. ಬೆರಳು ಮಡಚಿ ಎಣಿಸಿ. ಝಂಪೆ ಹೀಗೆ:

ಸ ರಿ ಗ ಸ ರಿ ಸ ರಿ | ಗ | ಮಾ ||

7+1+2. ಕೊನೇದು ‘ಮಾ’ ದೀರ್ಘ, ಎರಡಕ್ಷರ. ಹ್ರಸ್ವ ಅಚ್ಚಾಗಿದ್ದರೆ ಒಟ್ಟು 9 ಆಗುತ್ತೆ, ಆಗ ತಾಳ ತಪ್ಪಿಸ್ತಿರೋದು ಪುಸ್ತಕ, ಬೈಸಿಕೊಳ್ಳೋದು ಮಗು. ಅಟ್ಟತಾಳವಂತೂ ಪೂರಾ ಅಲ್ಪವಿರಾಮದ (ಹಿಂದಿನ ಸ್ವರವನ್ನ ಒಂದಕ್ಷರ ಎಳೆಯೋ ಗುರುತು) ಮೇಲೆ ನಿಂತಿದೆ:

ಸ ರಿ , ಗ , | ಸ , ರಿ ಗ , | ಮ , | ಮ , ||

ಹದಿನಾಲ್ಕರಲ್ಲಿ ಆರು ಅಲ್ಪವಿರಾಮವೇ. ಒಂದು ಬಿದ್ದುಹೋದರೂ ಸಾಲು ಕುಂಟುತ್ತೆ.

ಸ್ವರದ ಮೇಲೆ ಒಂದು ಅಡ್ಡಗೆರೆ ಇದ್ದರೆ ಎರಡನೇ ಕಾಲ (ದುಪ್ಪಟ್ಟು ವೇಗ), ಎರಡಿದ್ದರೆ ಮೂರನೇದು. ಎಂಟಕ್ಷರದ ಆದಿತಾಳದ ಒಂದು ಆವರ್ತಕ್ಕೆ (ಸುತ್ತಿಗೆ) ಮೂರು ಕಾಲದಲ್ಲಿ ಕ್ರಮವಾಗಿ 8, 16, 32 ಸ್ವರ. ಮೊದಲ ಸರಳೆ ಏರಿ ಇಳಿದರೆ 16 ಸ್ವರ, ಹಾಗಾಗಿ ಮೂರನೇ ಕಾಲದಲ್ಲಿ ಎರಡು ಸಲ ಹಾಡಿದರೇನೇ ಆವರ್ತ ತುಂಬೋದು. ಒಂದೇ ಸಲ ಹಾಡಿ ನಿಲ್ಲಿಸಿದರೆ ಕೈ ಲಘುವಿನ (ಮೊದಲ ನಾಲ್ಕೆಣಿಕೆಯ) ಕೊನೇಲಿ ನಿಂತಿರುತ್ತೆ. ಇದನ್ನ ಬಿಡಿಸಿ ಹೇಳೋ ಪುಸ್ತಕ ಸಿಕ್ಕರೆ ದುಡ್ಡು ಕೊಟ್ಟಿದ್ದು ಸಾರ್ಥಕ.

ಹಾರ್ಮೋನಿಯಂ_ಗುಬ್ಬಿ
ಹಳೇದು ಅನ್ನೋ ಕಾರಣಕ್ಕೆ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ ಡೌನ್‌ಲೋಡ್ ಮಾಡಿ ಮಗು ಮುಂದೆ ಇಡಬೇಡಿ. ಸುಬ್ಬರಾಮ ದೀಕ್ಷಿತರದು, 1904ರದು, ದೊಡ್ಡ ಗ್ರಂಥ, ಗಮಕಕ್ಕೆಲ್ಲ (ಸ್ವರದ ಬಳುಕಿಗೆಲ್ಲ) ಬೇರೆ ಬೇರೆ ಚಿಹ್ನೆ. ವಿದ್ವತ್ ಮಟ್ಟದವರಿಗೆ ಸರಿ.

ಚಿಂತಾಮಣಿ_ಪೋಷಕ
ಅದು ತೆಲುಗು ಲಿಪಿಯಲ್ಲಿದೆಯಲ್ಲ, ನಾವು ಓದಿಕೊಂಡು ಹೇಳಿಕೊಟ್ಟರೆ?

ಹಾರ್ಮೋನಿಯಂ_ಗುಬ್ಬಿ
ಲಿಪಿಯ ತೊಡಕಲ್ಲ. ಅದರ ಮೇಳಗಳ (ಮೂಲ ರಾಗಗಳ) ಹೆಸರು ಹಳೇ ಶಾಸ್ತ್ರಕಾರ ವೆಂಕಟಮಖಿಯ ಪರಂಪರೆಯವು. 8ನೇದು ಜನತೋಡಿ, 22ನೇದು ಶ್ರೀರಾಗ, 65ನೇದು ಶಾಂತಕಲ್ಯಾಣಿ. ಅವಕ್ಕೇ ಮಕ್ಕಳು ಈಗ ಕಲಿಯೋ ಹೆಸರು ಹನುಮತೋಡಿ, ಖರಹರಪ್ರಿಯ, ಮೇಚಕಲ್ಯಾಣಿ. ಎರಡೂ ಸರಿಯೇ, ಆದರೆ ಅಲಂಕಾರದ ಹಂತದ ಮಗುವಿಗೆ ಎರಡೂ ಒಟ್ಟಿಗೆ ಬೇಡ.

ತೆಲುಗು ಲಿಪಿಯ ಬಾಲಪಾಠ ಪುಸ್ತಕಗಳನ್ನ ಧಾರಾಳವಾಗಿ ತಗೊಳ್ಳಿ. ಸ್ವರಕ್ಕೆ ಬೇಕಾದದ್ದು ಏಳೇ ಅಕ್ಷರ, ಕನ್ನಡ ಬಂದವರಿಗೆ ತಲಕಟ್ಟು ಮಾತ್ರ ಬೇರೆ ಕಾಣುತ್ತೆ. ಮುಂದೆ ತ್ಯಾಗರಾಜರ ತೆಲುಗು ಕೃತಿಗೆ ಬಂದಾಗ ನಿಮ್ಮ ಕಡೆ ಮಕ್ಕಳಿಗೆ ಅರ್ಥ ಬಿಡಿಸಿ ಹೇಳೋ ಕಷ್ಟವೇ ಇರಲ್ಲ. ತೆಲುಗು ಬಾರದ ಮಕ್ಕಳಿಗೆ ಈ ಭಾಗ್ಯ ಇಲ್ಲ ಬಿಡಿ.

ಮುಳಬಾಗಿಲು_ಓದುಗ
ಓದೋಕೆ: ಮೈಸೂರು ವಾಸುದೇವಾಚಾರ್ಯರ ‘ನಾ ಕಂಡ ಕಲಾವಿದರು’. ಒಬ್ಬೊಬ್ಬ ವಿದ್ವಾಂಸರ ಮೇಲೆ ಒಂದೊಂದು ಬರಹ, ಎಲ್ಲಿಂದ ಬೇಕಾದರೂ ಶುರು ಮಾಡಬಹುದು. ಕನ್ನಡ ಕೊಂಚ ಗ್ರಾಂಥಿಕ, ಹತ್ತು ವರ್ಷಕ್ಕೆ ಒಂಟಿಯಾಗಿ ಓದೋದು ಕಷ್ಟ. ವಾರಕ್ಕೊಂದು ನೀವೇ ಗಟ್ಟಿಯಾಗಿ ಓದಿ ಹೇಳಿ, ಹದಿಮೂರರ ಹೊತ್ತಿಗೆ ತಾನೇ ಕೈಗೆತ್ತಿಕೊಳ್ತಾಳೆ.

ಜೊತೆಗೆ ಹರಿದಾಸರಾದ ಶ್ರೀಪಾದರಾಜರ ಕೀರ್ತನೆಗಳ ಚಿಕ್ಕ ಸಂಗ್ರಹ ಒಂದಿರಲಿ. ಅಂಕಿತ ರಂಗವಿಠಲ. ಅವರ ಬೃಂದಾವನ (ಸಮಾಧಿ) ಇಲ್ಲೇ ಮುಳಬಾಗಿಲಿನ ನರಸಿಂಹತೀರ್ಥದಲ್ಲಿದೆ, ಕರಕೊಂಡು ಬಂದು ಅಲ್ಲೇ ಒಂದು ಪದ ಹಾಡಿಸಿ. ಆದರೆ ದಾಸರ ಪದಗಳ ಪುಸ್ತಕದಲ್ಲಿ ಮೇಲ್ಗಡೆ ರಾಗ, ತಾಳ ಅಂತ ಹಾಕಿರೋದನ್ನ ವೇದವಾಕ್ಯ ಅಂದ್ಕೋಬೇಡಿ. ಒಂದೇ ಪದಕ್ಕೆ ಬೇರೆ ಬೇರೆ ಪುಸ್ತಕದಲ್ಲಿ ಬೇರೆ ಬೇರೆ ರಾಗ ಇರುತ್ತೆ. ಪಾಠ ಹೇಳೋರು ಯಾವುದರಲ್ಲಿ ಹೇಳಿಕೊಡ್ತಾರೋ ಅದನ್ನೇ ಪೆನ್ಸಿಲ್‌ನಲ್ಲಿ ಬರೆದಿಡಿ.

ಶ್ರುತಿಪೆಟ್ಟಿಗೆ, ಕೋಲಾರ
ಸ್ಕ್ಯಾನ್ ಬಗ್ಗೆ ಹೇಳೋದು ಬಿಟ್ಟುಹೋಯ್ತು. ಹಳೇ ಪುಸ್ತಕದ ಸ್ಕ್ಯಾನನ್ನ ಪೂರಾ ಕಪ್ಪು-ಬಿಳುಪಿಗೆ ಹಾಕಿ ಪ್ರಿಂಟ್ ತೆಗೆದರೆ ಮೊದಲು ಮಾಯ ಆಗೋದು ಸ್ಥಾಯಿ ಚುಕ್ಕೆಗಳೇ. ಇಲ್ಲದ ಕಡೆ ಕಾಗದದ ಕಲೆಯೇ ಚುಕ್ಕೆಯಾಗಿ ಕೂತಿರುತ್ತೆ. ಗ್ರೇಸ್ಕೇಲ್‌ನಲ್ಲಿ, ಕನಿಷ್ಠ 300 ಡಿಪಿಐ ಇಟ್ಟು ತೆಗೆಸಿ. ಪುಟ ಚಿಕ್ಕದಿದ್ದರೆ ಎ4ಗೆ ಹಿಗ್ಗಿಸಿ. ಆಮೇಲೆ ಗುರುಗಳ ಹತ್ತಿರ ಒಂದ್ಸಲ ಹಾಡಿಸಿಕೊಂಡು, ತಾರಸ್ಥಾಯಿ ಚುಕ್ಕೆಗೆ ಕೆಂಪು, ಮಂದ್ರಕ್ಕೆ (ಕೆಳಗಿನ ಸಪ್ತಕಕ್ಕೆ) ನೀಲಿ ಪೆನ್ನು ಹಾಕಿ. ಆ ಗುರುತು ಹಾಕಿದ ಪ್ರತಿಯಿಂದ ಮತ್ತೆ ಜೆರಾಕ್ಸ್ ತೆಗೆಸೋದಾದರೆ ಕಲರ್‌ನಲ್ಲೇ ತೆಗೆಸಿ.