ಅಪ್‌ಡೇಟ್: ತಮ್ಮನ ಕಣ್ಣುನೋವಿಗೆ ಕಾರಣ ಸಿಕ್ಕಿತು

ಗದ್ದೆಯ ಕೆಸರು ಸಿಡಿದು ತಮ್ಮನ ಕಣ್ಣು ಕೆಂಪಾಗಿದೆ, ಹರ್ಪಿಸ್ ವೈರಸ್‌ನ ಔಷಧಿಗೂ ಬಗ್ಗುತ್ತಿಲ್ಲ ಎಂದು ಹಿಂದಿನ ಪೋಸ್ಟ್‌ನಲ್ಲಿ ಕೇಳಿದ್ದೆ. ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಕೆರೆದು ತೆಗೆದ ಮಾದರಿಯಲ್ಲಿ ಅಕಾಂತಮೀಬಾ ಎಂಬ ಏಕಕೋಶ ಜೀವಿ ಸಿಕ್ಕಿದೆ. ಅದರ ಸೋಂಕು ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಿಗೆ ಮಾತ್ರ ಅಂತ ಆಗ ಕೆಲವರು ಉತ್ತರಿಸಿದ್ದಿರಿ ಅಲ್ವಾ? ನಮ್ಮ ದೇಶದಲ್ಲಿ ಲೆನ್ಸ್ ಹಾಕದವರಲ್ಲೇ ಜಾಸ್ತಿ. ಮಣ್ಣು, ಕೊಳಕು ನೀರು ಬಿದ್ದರೂ ಸಾಕು.

ಈ ಸೋಂಕಿನಲ್ಲಿ ಕಣ್ಣಲ್ಲಿ ಕಾಣುವ ಗಾಯಕ್ಕಿಂತ ನೋವೇ ಜಾಸ್ತಿ ಇರಬಹುದು. ಬೆಳಕು ಚುಚ್ಚುತ್ತದೆ. ಶುರುವಿನಲ್ಲಿ ಕಾರ್ನಿಯಾ ಮೇಲೆ ಮೂಡುವ ಗೆರೆಗಳು ಹರ್ಪಿಸ್‌ನಂತೆಯೇ ಕಾಣುವುದರಿಂದ ಡಾಕ್ಟರಿಗೂ ಗೊಂದಲ ಆಗುತ್ತದೆ. ಕಾರ್ನಿಯಾದ ನರಗಳ ಗುಂಟ ಉರಿಯೂತ ಕಂಡರೆ ಅದು ಬಲವಾದ ಸುಳಿವು. ಕಾರ್ನಿಯಾದಲ್ಲಿ ಮೂಡುವ ಬಿಳಿ ಉಂಗುರ ಸಾಮಾನ್ಯವಾಗಿ ತಡವಾಗಿ ಬರುತ್ತದೆ, ದಯವಿಟ್ಟು ಅದಕ್ಕೆ ಕಾಯಬೇಡಿ. ತಮ್ಮನಿಗೆ ಉಂಗುರ ಬಂದಿರಲಿಲ್ಲ, ಪುಣ್ಯ.

ಈಗ ಅಮೀಬಾ ಕೊಲ್ಲುವ 0.02% ಪಿಎಚ್‌ಎಂಬಿ ಎಂಬ ಔಷಧಿಯ ಹನಿ ನಡೆದಿದೆ. ಮೊದಮೊದಲು ಗಂಟೆಗೊಮ್ಮೆ, ರಾತ್ರಿಯೂ ಹಾಕಿದೆವು. ತಿಂಗಳುಗಟ್ಟಲೆ ಮುಂದುವರಿಸಬೇಕು. ನೋವು ತಗ್ಗಿದೆ.