ಹಳೆಯ ಪತ್ರಿಕೆಗಳಲ್ಲಿ ‘ಪಡು’: ‘ಬಂಧಿಸಲ್ಪಟ್ಟರು’, ‘ಬಂಧಿಸಲಾಯಿತು’ ಒಂದೇನಾ?

ಪ್ರಶ್ನೆ
ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪತ್ರಿಕೆಗಳಲ್ಲಿ ‘ಪಡು’ ಕ್ರಿಯಾಪದ ಕರ್ಮಣಿ ಪ್ರಯೋಗದಲ್ಲಿ ಎಷ್ಟು ಸಲ ಬಂದಿದೆ ಎಂದು ದಶಕವಾರು ಎಣಿಸಬೇಕಿದೆ. ‘ಪಟ್ಟ’ ಎಂದು ಹುಡುಕಿದರೆ ಪಟ್ಟಣ, ಪಟ್ಟಿ, ಪಟ್ಟಾಭಿಷೇಕ, ಸಂಬಂಧಪಟ್ಟ, ಸಂತೋಷಪಟ್ಟರು ಎಲ್ಲವೂ ಸಿಗುತ್ತವೆ. ಸೋಸುವುದು ಹೇಗೆ? ‘-ಲಾಯಿತು’ ರೂಪವನ್ನೂ ಇದೇ ಲೆಕ್ಕಕ್ಕೆ ಸೇರಿಸಬಹುದೇ?

ಉತ್ತರ 1
‘ಪಟ್ಟ’ ಬಿಡಿ. ‘ಲ್ಪಟ್ಟ’, ‘ಲ್ಪಡ’ ಈ ಎರಡು ಸಾಕು. ನಿಷೇಧ ಬಿಟ್ಟು ಭೂತಕಾಲದ ರೂಪಗಳೆಲ್ಲ ಮೊದಲನೆಯದರಲ್ಲಿ ಬರುತ್ತವೆ. ಲ್ಪಡುತ್ತದೆ, ಲ್ಪಡುವ, ಲ್ಪಡಲಿಲ್ಲ, ಲ್ಪಡದ ಇವೆಲ್ಲ ಎರಡನೆಯದರಲ್ಲಿ. ಬರಿಯ ‘ಲ್ಪ’ ಹಾಕಬೇಡಿ, ಅಲ್ಪ, ಶಿಲ್ಪ, ಸಂಕಲ್ಪಗಳ ರಾಶಿಯೇ ಬಂದು ಬೀಳುತ್ತದೆ. ‘ಲ್ಪಟ್ಟ’ದಲ್ಲೂ ಒಂದು ಕಳ್ಳ ಇದೆ: ‘18 ವರ್ಷ ಮೇಲ್ಪಟ್ಟವರು’. ಅದನ್ನು ಕೈಯಾರೆ ತೆಗೆಯಿರಿ.

ದೊಡ್ಡ ತೊಂದರೆ ಒತ್ತಕ್ಷರದ್ದು. ಶಾಯಿ ಮಾಸಿದ ಪುಟದಲ್ಲಿ ಲಕಾರದ ಕೆಳಗಿನ ಪಕಾರದ ಒತ್ತನ್ನು ಅಕ್ಷರ ಗುರುತಿಸುವ ಯಂತ್ರ (OCR) ಓದದೆ ‘ಮಾಡಲಟ್ಟಿತು’ ಎಂದು ಬರೆದಿಡುತ್ತದೆ. ಹಾಗಾಗಿ ‘ಲಟ್ಟಿ’, ‘ಲಟ್ಟರು’ ಕೂಡ ಒಮ್ಮೆ ಹುಡುಕಿ ನೋಡಿ. ಕಾಲಂ ಕಿರಿದಾಗಿದ್ದು ‘ಮಾಡ’ ಒಂದು ಸಾಲಿನ ಕೊನೆಗೂ ‘ಲ್ಪಟ್ಟಿತು’ ಮುಂದಿನ ಸಾಲಿನ ತಲೆಗೂ ಹೋಗಿದ್ದರೆ ಇಡೀ ಪದವನ್ನು ಹುಡುಕಿದಾಗ ತಪ್ಪಿಹೋಗುತ್ತದೆ, ತುಣುಕು ಹುಡುಕಿದರೆ ಸಿಗುತ್ತದೆ. 1843ರ ‘ಮಂಗಳೂರು ಸಮಾಚಾರ’ ಕಲ್ಲಚ್ಚಿನದು, ಅಕ್ಷರಗಳೆಲ್ಲ ಕೈಬರಹದಂತಿವೆ. ಅದನ್ನು ಯಂತ್ರಕ್ಕೆ ಬಿಡದೆ ನೋಡಿ ಟೈಪ್ ಮಾಡುವುದೇ ಒಳ್ಳೆಯದು.

ಉತ್ತರ 2
ಎರಡನ್ನೂ ಒಂದೇ ಲೆಕ್ಕಕ್ಕೆ ಹಾಕಬೇಡಿ, ದಯವಿಟ್ಟು. ವಾಕ್ಯದ ಕಟ್ಟೇ ಬೇರೆ. ‘ಮೂವರು ಬಂಧಿಸಲ್ಪಟ್ಟರು’ ಎಂಬಲ್ಲಿ ‘ಮೂವರು’ ಪ್ರಥಮಾ ವಿಭಕ್ತಿ, ಕ್ರಿಯಾಪದವೂ ಬಹುವಚನಕ್ಕೆ ಹೊಂದಿಕೊಂಡಿದೆ. ‘ಮೂವರನ್ನು ಬಂಧಿಸಲಾಯಿತು’ ಎಂಬಲ್ಲಿ ದ್ವಿತೀಯಾ ವಿಭಕ್ತಿ ಉಳಿದಿದೆ. ಒಬ್ಬನಿರಲಿ ನೂರು ಜನರಿರಲಿ, ಕ್ರಿಯಾಪದ ‘ಆಯಿತು’ ಎಂದೇ ನಿಲ್ಲುತ್ತದೆ. ಬಂಧಿಸಿದವರು ಯಾರೆಂದು ಹೇಳಬೇಕಾದರೆ ‘ಪೊಲೀಸರಿಂದ ಬಂಧಿಸಲ್ಪಟ್ಟರು’ ಎನ್ನಬಹುದು. ‘ಪೊಲೀಸರಿಂದ ಬಂಧಿಸಲಾಯಿತು’ ಕಿವಿಗೆ ಒಗ್ಗುವುದಿಲ್ಲ. ಇವುಗಳನ್ನು ಬೆರೆಸಿದ ‘ಮೂವರು ಬಂಧಿಸಲಾಯಿತು’ ಅಥವಾ ‘ಮೂವರನ್ನು ಬಂಧಿಸಲ್ಪಟ್ಟರು’ ಎಲ್ಲಾದರೂ ಸಿಕ್ಕರೆ ಬೇರೆ ಪಟ್ಟಿ ಮಾಡಿ ಇಡಿ. ಬರೆಯುವವರು ಒಂದು ರೂಪ ಬಿಟ್ಟು ಇನ್ನೊಂದಕ್ಕೆ ಹೊರಳುವಾಗ ಆಗುವ ತಪ್ಪುಗಳು ಇವೇ.

ಪ್ರಶ್ನಿಸಿದವರು
ಧನ್ಯವಾದ. ‘ನಿರ್ಣಯ ಅಂಗೀಕರಿಸಲಾಯಿತು’ ಎಂಬಲ್ಲಿ ‘ಅನ್ನು’ ಇಲ್ಲವಲ್ಲ, ಅದೂ ತಪ್ಪೇ?

ಉತ್ತರ 2
ಅಲ್ಲ. ನಿರ್ಜೀವ ವಸ್ತುಗಳಿಗೆ ‘ಅನ್ನು’ ಬಿಟ್ಟು ಹೇಳುವುದು ಕನ್ನಡದಲ್ಲಿ ಸಹಜ: ಪುಸ್ತಕ ಓದಿದೆ, ನೀರು ಕುಡಿದೆ. ಆದ್ದರಿಂದ ವಿಭಕ್ತಿ ಪರೀಕ್ಷೆಗೆ ಮನುಷ್ಯರು ಕರ್ಮವಾಗಿರುವ ವಾಕ್ಯಗಳನ್ನೇ ಆರಿಸಿಕೊಳ್ಳಿ.

ಉತ್ತರ 3
‘ಲಾಗಿದೆ’, ‘ಲಾಯಿತು’ ಎಂದು ಹುಡುಕುವಾಗ ‘ದೂರು ದಾಖಲಾಗಿದೆ’, ‘ಗುಟ್ಟು ಬಯಲಾಯಿತು’ ಇಂಥವೂ ಎಣಿಕೆಗೆ ಸೇರಿಬಿಡುತ್ತವೆ. ಅವು ದಾಖಲು + ಆಗು, ಬಯಲು + ಆಗು; ಕರ್ಮಣಿ ಅಲ್ಲ. ‘ದಾಖಲಿಸಲಾಗಿದೆ’ ಮಾತ್ರ ಕರ್ಮಣಿ. ಅಪರಾಧ ಸುದ್ದಿಗಳಲ್ಲಿ ‘ದಾಖಲಾಗಿದೆ’ ಹೆಜ್ಜೆಹೆಜ್ಜೆಗೂ ಸಿಗುವುದರಿಂದ ಇದೊಂದೇ ಪದ ನಿಮ್ಮ ಅಂಕಿಯನ್ನು ಕೆಡಿಸಬಲ್ಲದು.

ನಿಷೇಧ ರೂಪದಲ್ಲಿ ಇನ್ನೂ ಎಚ್ಚರ ಬೇಕು. ‘ಬಂಧಿಸಲಾಗಿಲ್ಲ’ ಎಂದರೆ ಬಂಧನ ಇನ್ನೂ ನಡೆದಿಲ್ಲ. ‘ಬಂಧಿಸಲಾಗಲಿಲ್ಲ’ ಎಂದರೆ ಬಂಧಿಸಲು ಹೋದರೂ ಕೈಲಾಗಲಿಲ್ಲ. ‘ಗಿ’ ಮತ್ತು ‘ಗಲಿ’ ಇಷ್ಟೇ ವ್ಯತ್ಯಾಸ, ಯಂತ್ರ ಅದನ್ನು ತಪ್ಪಾಗಿ ಓದಿದರೆ ಅರ್ಥವೇ ತಿರುಗುತ್ತದೆ. ‘ಬಂಧಿಸಲ್ಪಡಲಿಲ್ಲ’ದಲ್ಲಿ ಈ ಗೊಂದಲವಿಲ್ಲ, ಆಗಲಿಲ್ಲ ಎಂಬ ಅಸಾಮರ್ಥ್ಯ ಅದರಲ್ಲಿ ಸೇರುವುದಿಲ್ಲ. ನಿಷೇಧದ ಸಾಲುಗಳನ್ನು ಮಾತ್ರ ಮೂಲ ಪುಟದ ಚಿತ್ರ ತೆರೆದು ಒಂದೊಂದಾಗಿ ತಾಳೆ ನೋಡಿ.