ಆರು ಗಂಟೆ ರೆಕಾರ್ಡಿಂಗ್: ತಾಳದ ಸದ್ದು ಮೊದಲು, ಏಟು ಆಮೇಲೆ

ತಿಪಟೂರು_ಬೋರ್ಡ್:
ತುಮಕೂರು ಜಿಲ್ಲೆಯ ಮೂಡಲಪಾಯ ಯಕ್ಷಗಾನವನ್ನು ರಾತ್ರಿಯಿಡೀ ದಾಖಲಿಸುವ ಪೆಟ್ಟಿಗೆಯೊಂದು ತಯಾರಾಗುತ್ತಿದೆ. ಆರ್ಮ್ ಬೋರ್ಡ್, ಲಿನಕ್ಸ್, ಸೆಕೆಂಡಿಗೆ 25 ಫ್ರೇಮಿನ ಸಿಎಸ್‌ಐ (ಬೋರ್ಡಿಗೆ ನೇರ ಜೋಡಿಸುವ) ಕ್ಯಾಮೆರಾ, 48 ಕಿಲೋಹರ್ಟ್ಸ್ (ಸೆಕೆಂಡಿಗೆ 48000 ಸ್ಯಾಂಪಲ್) ಐ2ಎಸ್ ಡಿಜಿಟಲ್ ಮೈಕ್. ಅಲ್ಸಾ (ಲಿನಕ್ಸ್‌ನ ಧ್ವನಿ ವ್ಯವಸ್ಥೆ) ಪೀರಿಯಡ್, ಅಂದರೆ ಒಂದು ಕಂತು, 1024 ಸ್ಯಾಂಪಲ್, ಬಫರ್ 8 ಪೀರಿಯಡ್, ವಿಡಿಯೋ ಬಫರ್ 4 ಫ್ರೇಮು. ಫೈಲಿಗೆ ಬರೆಯುವಾಗ ಫ್ರೇಮ್ ಎಣಿಕೆಯನ್ನು 40 ಮಿಲಿಸೆಕೆಂಡಿನಿಂದ ಗುಣಿಸಿ, ಸ್ಯಾಂಪಲ್ ಎಣಿಕೆಯನ್ನು 48000ದಿಂದ ಭಾಗಿಸಿ ಸಮಯ ಹಾಕುತ್ತಿದ್ದೇನೆ. ಶುರುವಿನಲ್ಲಿ ಭಾಗವತರ ತಾಳ ಹೆಚ್ಚುಕಡಿಮೆ ಸರಿಯಾಗಿದೆ. 6 ಗಂಟೆ ಕಳೆದರೆ ಸದ್ದು ಸುಮಾರು ಒಂದು ಸೆಕೆಂಡು ಮೊದಲೇ ಕೇಳುತ್ತದೆ. ನಡುವೆ ದಿಢೀರ್ ಜಿಗಿತಗಳೂ ಇವೆ. ಎರಡೂ ಡ್ರೈವರ್‌ಗಳ ಟೈಮ್‌ಸ್ಟ್ಯಾಂಪ್ ಪ್ರಿಂಟ್ ಮಾಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಅಂಕಿಗಳು. ಕೈ ಹಾಕಬೇಕಾದ್ದು ಡ್ರೈವರ್‌ಗೋ, ಆ್ಯಪ್‌ಗೋ?

ಕೋಲಾರ_ಕರ್ನಲ್:
ಎರಡಕ್ಕೂ. ಆದರೆ ಮೊದಲು ಅಳೆಯಿರಿ. ಬೋರ್ಡಿನ ಒಂದೇ ಜಿಪಿಐಒ (ಪ್ರೋಗ್ರಾಂ ಆನ್-ಆಫ್ ಮಾಡಬಲ್ಲ) ಪಿನ್ನಿನಿಂದ ಎಲ್‌ಇಡಿ ಮತ್ತು ಬಜರ್ ಎರಡನ್ನೂ 10 ನಿಮಿಷಕ್ಕೊಮ್ಮೆ ಹೊತ್ತಿಸಿ, ರೆಕಾರ್ಡಿಂಗಿನಲ್ಲಿ ಅವುಗಳ ಅಂತರ ಗುರುತು ಹಾಕಿಕೊಳ್ಳಿ. ಗೆರೆ ಎಳೆದಾಗ ಮೂರು ಬಗೆಯ ತಪ್ಪು ಬೇರೆ ಬೇರೆಯಾಗಿ ಕಾಣುತ್ತದೆ: ಮೊದಲಿನಿಂದ ಕೊನೆವರೆಗೂ ಒಂದೇ ಅಂತರ, ನಿಧಾನವಾಗಿ ಬೆಳೆಯುವ ಅಂತರ, ಮೆಟ್ಟಿಲಿನಂಥ ಜಿಗಿತ. ಮೂರಕ್ಕೂ ಮದ್ದು ಬೇರೆ.

ನಿಮ್ಮ ಬೆಳೆಯುವ ಅಂತರ ಕ್ರಿಸ್ಟಲ್‌ನದು, ಅಂದರೆ ಚಿಪ್‌ಗೆ ಗಡಿಯಾರದ ಬಡಿತ ಕೊಡುವ ಹರಳಿನದು. 6 ಗಂಟೆ ಅಂದರೆ 21600 ಸೆಕೆಂಡು. ಆಡಿಯೋ ಮತ್ತು ಕ್ಯಾಮೆರಾ ಸೆನ್ಸರ್ ಕ್ರಿಸ್ಟಲ್‌ಗಳ ನಡುವೆ 50 ಪಿಪಿಎಂ (ಹತ್ತು ಲಕ್ಷದಲ್ಲಿ 50) ವ್ಯತ್ಯಾಸವಿದ್ದರೂ 1.08 ಸೆಕೆಂಡು ಆಗುತ್ತದೆ. ಅಗ್ಗದ ಕ್ರಿಸ್ಟಲ್‌ಗಳಲ್ಲಿ ಇದು ಮಾಮೂಲು, ಬಿಸಿ ಏರಿದಂತೆ ಬದಲಾಗುವುದೂ ಉಂಟು. ಹಾಗಾಗಿ ಒಮ್ಮೆ ಅಳೆದ ಅಂಕಿಯನ್ನು ಕೋಡಿನಲ್ಲಿ ಕೂರಿಸಬೇಡಿ.

ಜಿಗಿತ ಯಾವ ಕಡೆಗೆ ಎಂಬುದರಲ್ಲೇ ಉತ್ತರವಿದೆ. ಸ್ಯಾಂಪಲ್ ಕಳೆದುಹೋದರೆ ಅಲ್ಲಿಂದಾಚೆ ಸದ್ದು ಮುಂದೋಡುತ್ತದೆ. ಫ್ರೇಮ್ ಕಳೆದುಹೋದರೆ ಚಿತ್ರ ಮುಂದೋಡುತ್ತದೆ, ಒಂದು ಫ್ರೇಮಿಗೆ 40 ಮಿಲಿಸೆಕೆಂಡು. ನಿಮ್ಮ ಆಡಿಯೋ ಬಫರ್ 8192 ಸ್ಯಾಂಪಲ್, ಅಂದರೆ ಬರೀ 171 ಮಿಲಿಸೆಕೆಂಡು, ವಿಡಿಯೋ 160. ಎಸ್‌ಡಿ ಕಾರ್ಡ್ ಅದಕ್ಕಿಂತ ಹೆಚ್ಚು ಹೊತ್ತು ತಡೆದು ನಿಂತರೆ ಎರಡೂ ತುಂಬಿ ಹರಿಯುತ್ತವೆ. ಓದುವ ಥ್ರೆಡ್ ಬೇರೆ, ಬರೆಯುವ ಥ್ರೆಡ್ ಬೇರೆ ಮಾಡಿ. ಓದುವವಕ್ಕೆ ಫಿಫೋ ಆದ್ಯತೆ (ಮಾಮೂಲಿ ಕೆಲಸಗಳಿಗಿಂತ ಮೊದಲ ಸರದಿ) ಕೊಟ್ಟು, ನಡುವೆ ಕೆಲವು ಸೆಕೆಂಡಿನ ಕ್ಯೂ ಇಡಿ.

ರಾತ್ರಿ ಆಟವಾದ್ದರಿಂದ ಇನ್ನೊಂದನ್ನೂ ನೋಡಿ. ಬೆಳಕು ಕಡಿಮೆಯಾದಾಗ ಆಟೋ ಎಕ್ಸ್‌ಪೋಶರ್ ಫ್ರೇಮ್ ದರವನ್ನೇ ಇಳಿಸುವ ಕ್ಯಾಮೆರಾಗಳಿವೆ. ಫ್ರೇಮ್ ಎಣಿಸಿ ಸಮಯ ಹಾಕುವವರಿಗೆ ಅದು ದೊಡ್ಡ ಹೊಡೆತ. ಎಣಿಕೆಯನ್ನು ಸಮಯವೆಂದು ನಂಬುವುದನ್ನು ಬಿಡಬೇಕಾದ್ದೇ ಇದಕ್ಕೆ.

ಶಿಡ್ಲಘಟ್ಟ_ಎಳೆ:
ಟೈಮ್‌ಸ್ಟ್ಯಾಂಪ್ ಹೊಂದದಿರಲು ಕಾರಣ ಇದು: ವಿ4ಎಲ್2 (ಲಿನಕ್ಸ್‌ನ ವಿಡಿಯೋ) ಡ್ರೈವರ್‌ಗಳು ಸಾಮಾನ್ಯವಾಗಿ ಮೊನೊಟಾನಿಕ್ ಗಡಿಯಾರದ, ಅಂದರೆ ಹಿಂದೆ ಸರಿಯದೆ ಮುಂದಕ್ಕೇ ಓಡುವ ಗಡಿಯಾರದ, ಸಮಯ ಕೊಡುತ್ತವೆ. ಅಲ್ಸಾ, ಹೇಳದಿದ್ದರೆ, ಗೋಡೆ ಗಡಿಯಾರದ್ದು (ದಿನಾಂಕ, ಗಂಟೆ ತೋರಿಸುವ ಗಡಿಯಾರದ್ದು) ಕೊಡುವುದುಂಟು. ಸಾಫ್ಟ್‌ವೇರ್ ಪ್ಯಾರಾಮೀಟರ್‌ಗಳಲ್ಲಿ ಟೈಮ್‌ಸ್ಟ್ಯಾಂಪ್ ಮೋಡ್ ಆನ್ ಮಾಡಿ, ಟೈಪ್ ಮೊನೊಟಾನಿಕ್ ಎಂದು ಹಾಕಿ. ಬ್ಯಾಟರಿ ಇಟ್ಟ ಆರ್‌ಟಿಸಿ (ಕರೆಂಟ್ ಹೋದರೂ ಓಡುವ ಗಡಿಯಾರ) ಇಲ್ಲದ ಬೋರ್ಡಿಗೆ ಆಟದ ನಡುವೆ ಯಾರದೋ ಹಾಟ್‌ಸ್ಪಾಟ್ ಸಿಕ್ಕಿತೆನ್ನಿ, ಗೋಡೆ ಗಡಿಯಾರ ಇಂಟರ್ನೆಟ್ಟಿನ ಸಮಯಕ್ಕೆ ಹೊಂದಿಕೊಳ್ಳಲು ಒಂದೇ ನೆಗೆತಕ್ಕೆ ವರ್ಷಗಳನ್ನು ದಾಟುತ್ತದೆ. ಮೊನೊಟಾನಿಕ್ ಹಾಗೆ ನೆಗೆಯುವುದಿಲ್ಲ.

ಆಮೇಲೆ ಅಲ್ಸಾದ ಎಚ್‌ಟೈಮ್‌ಸ್ಟ್ಯಾಂಪ್ ಕರೆ ಕೊಡುವ ಸಮಯವನ್ನು ಹಾಗೇ ಬಳಸಬೇಡಿ. ಅದರ ಜೊತೆಗೇ ಬರುವ, ಬಫರಿನಲ್ಲಿ ಕಾದಿರುವ ಸ್ಯಾಂಪಲ್ ಸಂಖ್ಯೆಯನ್ನು 48000ದಿಂದ ಭಾಗಿಸಿ ಕಳೆಯಿರಿ. ನೀವು ಮುಂದೆ ಓದಲಿರುವ ಸ್ಯಾಂಪಲ್ ಮೈಕಿಗೆ ಬಿದ್ದ ಹೊತ್ತು ಅದು. ನಿಮ್ಮ ಡಿಎಂಎ (ಸಿಪಿಯು ಕೈಹಾಕದೆ ಸ್ಯಾಂಪಲ್‌ಗಳನ್ನು ಮೆಮೊರಿಗೆ ಸಾಗಿಸುವ) ಡ್ರೈವರ್ ಪೀರಿಯಡ್ ಮುಗಿದಾಗ ಮಾತ್ರ ಸ್ಥಾನ ಹೇಳುವಂಥದ್ದಾದರೆ ಈ ಲೆಕ್ಕದಲ್ಲಿ 21.3 ಮಿಲಿಸೆಕೆಂಡಿನವರೆಗೆ ತಪ್ಪು ನುಸುಳುತ್ತದೆ. ಪೀರಿಯಡ್ಡನ್ನು 256ಕ್ಕೆ ಇಳಿಸಿದರೆ 5.3ರೊಳಗೆ ನಿಲ್ಲುತ್ತದೆ.

ವಿಡಿಯೋ ಡ್ರೈವರ್‌ನಲ್ಲಿ ಎರಡು ಜಾಗ ತೆರೆದು ನೋಡಿ. ಒಂದು, ಸಮಯ ತೆಗೆದುಕೊಳ್ಳುವುದು ಇಂಟರಪ್ಟ್ ಹ್ಯಾಂಡ್ಲರ್‌ನೊಳಗೇ (ಫ್ರೇಮ್ ಬಂದೊಡನೆ ಓಡುವ ಕೋಡಿನಲ್ಲೇ) ಇರಬೇಕು. ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ದಾಟಿಸಿದ ಮೇಲೆ ತೆಗೆದರೆ ಸಿಪಿಯು ಬಿಡುವಾದಾಗಿನ ಸಮಯ ಸಿಗುತ್ತದೆ, ಫ್ರೇಮ್ ಬಂದಾಗಿನದಲ್ಲ. ಎರಡು, ಬಫರ್ ಖಾಲಿ ಇಲ್ಲದೆ ಫ್ರೇಮ್ ಬಿದ್ದುಹೋದರೂ ಸೀಕ್ವೆನ್ಸ್ ಸಂಖ್ಯೆ ಏರಲೇಬೇಕು. ಬಫರ್ ಕೊಟ್ಟಾಗ ಮಾತ್ರ ಏರಿಸುವ ಡ್ರೈವರ್‌ಗಳಲ್ಲಿ ಬಿದ್ದ ಫ್ರೇಮು ಆ್ಯಪ್‌ಗೆ ಗೊತ್ತೇ ಆಗುವುದಿಲ್ಲ.

ಫ್ರೇಮಿನ ಕೊನೆಯಲ್ಲಿ ಸಮಯ ಗುರುತಿಸುವ ಡ್ರೈವರ್ ಆಗಿದ್ದರೆ ರೀಡ್‌ಔಟ್ (ಸೆನ್ಸರ್‌ನಿಂದ ಚಿತ್ರ ಓದುವ) ಹೊತ್ತನ್ನು, ಎಕ್ಸ್‌ಪೋಶರ್‌ನ (ಬೆಳಕು ಹಿಡಿಯುವ ಹೊತ್ತಿನ) ಅರ್ಧವನ್ನು ಕಳೆಯಿರಿ. ಉದ್ದಕ್ಕೂ ಬದಲಾಗದ ಅಂತರ ಬಹುಪಾಲು ಇಲ್ಲೇ ಅಡಗಿರುತ್ತದೆ.

ತಿಪಟೂರು_ಬೋರ್ಡ್:
ಹಾಗಾದರೆ ಆಡಿಯೋವನ್ನು ರೀಸ್ಯಾಂಪಲ್ ಮಾಡಿ (ಸ್ಯಾಂಪಲ್ ದರ ಬದಲಿಸಿ) ವಿಡಿಯೋಗೆ ಹೊಂದಿಸಬೇಕಾ ಅಣ್ಣ? ಮುಖವೀಣೆಯ ಶ್ರುತಿ ಕೆಡಬಾರದು.

ಕೋಲಾರ_ಕರ್ನಲ್:
ಬೇಡ. ನೇರ ಪ್ರಸಾರವಾದರೆ ರೀಸ್ಯಾಂಪಲ್ ಬೇಕಾದೀತು. ಫೈಲಿಗೆ ಬರೆಯುವಾಗ ಆಡಿಯೋ ಮುಟ್ಟಬೇಡಿ, ವಿಡಿಯೋದ ಸಮಯವನ್ನು ಬಗ್ಗಿಸಿ. ಫ್ರೇಮು ಒಂದು ಮಿಲಿಸೆಕೆಂಡು ಆಚೀಚೆ ಬಂದರೆ ಕಣ್ಣಿಗೆ ತಿಳಿಯದು. ಸ್ಯಾಂಪಲ್ ಕತ್ತರಿಸಿದ ಕಡೆ ಕಿವಿಗೆ ಟಿಕ್ ಎನ್ನುತ್ತದೆ.

ಸೆಕೆಂಡಿಗೊಮ್ಮೆ ಸ್ಯಾಂಪಲ್ ಸಂಖ್ಯೆ ಮತ್ತು ಅದರ ಮೊನೊಟಾನಿಕ್ ಸಮಯದ ಜೋಡಿ ಉಳಿಸಿಕೊಳ್ಳಿ. ಕಳೆದ 10 ನಿಮಿಷದ ಜೋಡಿಗಳಿಗೆ ಕನಿಷ್ಠ ವರ್ಗ ವಿಧಾನದಲ್ಲಿ ಸರಳ ರೇಖೆ ಕೂರಿಸಿ. ಅದರ ಇಳಿಜಾರೇ ಮೈಕಿನ ನಿಜವಾದ ದರ, ನಿಮ್ಮಲ್ಲಿ 47997.6ರ ಆಸುಪಾಸು ಬರಬಹುದು. ಪ್ರತಿ ಫ್ರೇಮಿನ ಸಮಯವನ್ನು ಆ ರೇಖೆಯ ಮೇಲೆ ಸ್ಯಾಂಪಲ್ ಸ್ಥಾನವಾಗಿ ಬದಲಿಸಿ, 48000ದಿಂದ ಭಾಗಿಸಿ ಪಿಟಿಎಸ್ (ಫ್ರೇಮು ತೋರಿಸಬೇಕಾದ ಸಮಯ) ಹಾಕಿ. ಒಂದೇ ಸೆಕೆಂಡಿನ ಅಳತೆಯಿಂದ ದರ ಲೆಕ್ಕ ಹಾಕಲು ಹೋಗಬೇಡಿ: 1 ಮಿಲಿಸೆಕೆಂಡು ಅಲುಗಾಟ ಅಲ್ಲಿ 1000 ಪಿಪಿಎಂ ಆಗಿ ಕಾಣುತ್ತದೆ.

ಓವರ್‌ರನ್ ಆಗಿ (ಬಫರ್ ತುಂಬಿ ಹರಿದು) ಓದುವ ಕರೆ ಇಪೈಪ್ ಎಂಬ ದೋಷ ಹೇಳಿದರೆ, ಪ್ರಿಪೇರ್ ಮಾಡಿ ಮತ್ತೆ ಶುರು ಮಾಡಿ, ಹೊಸ ಸಮಯ ಓದಿ. ರೇಖೆಯ ಪ್ರಕಾರ ಎಷ್ಟು ಸ್ಯಾಂಪಲ್ ಕಡಿಮೆ ಬಿದ್ದಿದೆಯೋ ಅಷ್ಟು ಸೊನ್ನೆ ತುಂಬಿ ಮುಂದುವರಿಯಿರಿ. ತುಂಬದೆ ಬಿಟ್ಟರೆ ಅದೇ ಮೆಟ್ಟಿಲು ಮತ್ತೆ ಬರುತ್ತದೆ.

ಶಿಡ್ಲಘಟ್ಟ_ಎಳೆ:
ಮೈಕ್ ಎಲ್ಲಿದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಕ್ಯಾಮೆರಾ ಪಕ್ಕದಲ್ಲೇ ಮೈಕ್ ಇದ್ದು ರಂಗ 15 ಮೀಟರ್ ದೂರದಲ್ಲಿದ್ದರೆ ಸದ್ದು 44 ಮಿಲಿಸೆಕೆಂಡು ತಡವಾಗಿ ಬರುವುದು ಸಹಜ. ಎಲ್‌ಇಡಿ, ಬಜರ್ ಪರೀಕ್ಷೆಯನ್ನು ಮೈಕಿಗೆ ಒಂದಡಿ ದೂರದಲ್ಲಿ ಮಾಡಿ, ಡ್ರೈವರ್ ತಪ್ಪು ಮತ್ತು ಗಾಳಿಯ ತಡ ಬೆರೆಯದಿರಲಿ. ಎಷ್ಟು ತಪ್ಪು ತಡೆಯಬಹುದು ಎಂಬುದಕ್ಕೆ ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಬಿಟಿ.1359 ಶಿಫಾರಸಿನ ಅಂಕಿ ಇಟ್ಟುಕೊಳ್ಳಿ: ಸದ್ದು 45 ಮಿಲಿಸೆಕೆಂಡು ಮೊದಲು ಬಂದರೆ ಜನಕ್ಕೆ ತಿಳಿಯುತ್ತದೆ, ತಡವಾದರೆ 125ರವರೆಗೆ ತಿಳಿಯುವುದಿಲ್ಲ. ನಿಮ್ಮಲ್ಲಿ ಸದ್ದು ಮೊದಲು ಬರುತ್ತಿರುವುದರಿಂದ ಬಿಗಿ ಮಿತಿಯೇ ಅನ್ವಯ. ಸಾಲದ್ದಕ್ಕೆ ಇದು ತಾಳ, ಮಾತಿನ ತುಟಿಗಿಂತ ಏಟಿನ ಅಂಚು ಚೂಪು. 20ರೊಳಗೆ ಹಿಡಿಯಲು ನೋಡಿ.